ಒಂದು ಕಿಲೋಗೆ ಎಷ್ಟು ಕಾಯಿ?

ನಮಸ್ಕಾರ. ಜಾಗತೀಕರಣ ಅಂದ ಕೂಡಲೇ ನಮಗೆ ನೆನಪಾಗುವುದು ಐಟಿ ಕಂಪನಿ, ಗಾಜಿನ ಕಟ್ಟಡ, ಈಚೆಗಾದರೆ ಮೊಬೈಲ್ ಫ್ಯಾಕ್ಟರಿ. ಇವತ್ತು ನಾನು ಮಾತಾಡುವುದು ಕಿರುಬೆರಳಿನಷ್ಟು ಉದ್ದದ ಒಂದು ಕಾಯಿಯ ಬಗ್ಗೆ. ಮಿಡಿ ಸೌತೆ. ಊರಲ್ಲಿ ಗರ್ಕಿನ್ ಅಂತಲೂ ಹೇಳುತ್ತಾರೆ. ಕುಣಿಗಲ್, ಹೂವಿನಹಡಗಲಿ, ಹಾಸನ, ಚಿತ್ರದುರ್ಗ ಕಡೆಯವರಿಗೆ ಇದು ಹೊಸದಲ್ಲ. ಉಳಿದವರು ಬರ್ಗರಿನ ಒಳಗೆ ಹುಳಿ ಹುಳಿಯಾದ ಎರಡು ಹಸಿರು ಬಿಲ್ಲೆ ನೋಡಿರುತ್ತೀರಿ. ಅದೇ.

ಈ ಬೆಳೆಯ ವಿಚಿತ್ರ ಏನು ಗೊತ್ತಾ? ಇದನ್ನು ಬೆಳೆಯುವ ಊರಲ್ಲಿ ಯಾರೂ ತಿನ್ನುವುದಿಲ್ಲ. ಪಲ್ಯಕ್ಕೆ ಬರುವುದಿಲ್ಲ, ಕೋಸಂಬರಿಗೆ ಬರುವುದಿಲ್ಲ, ನಮ್ಮ ಉಪ್ಪಿನಕಾಯಿ ಜಾಡಿಗೂ ಹೊಂದುವುದಿಲ್ಲ. ಸಂತೆಗೆ ಒಯ್ದರೆ ಕೊಳ್ಳುವವರಿಲ್ಲ. ಎಪಿಎಂಸಿಯಲ್ಲಿ ಇದರ ಹರಾಜು ಕೂಗುವವರಿಲ್ಲ. ಆದರೂ 2020-21ರಲ್ಲಿ ಭಾರತದಿಂದ 2,23,515 ಟನ್ ಸೌತೆ ಮತ್ತು ಮಿಡಿ ಸೌತೆ ಹೊರದೇಶಕ್ಕೆ ಹೋಯಿತು. ಬೆಲೆ 22.3 ಕೋಟಿ ಡಾಲರ್. ಕೇಂದ್ರ ಸರ್ಕಾರದ ರಫ್ತು ಸಂಸ್ಥೆ ಅಪೆಡಾ ಕೊಟ್ಟ ಲೆಕ್ಕ ಇದು. ಜಗತ್ತಿಗೆ ಬೇಕಾದ ಮಿಡಿ ಸೌತೆಯಲ್ಲಿ ಸುಮಾರು 15% ನಮ್ಮ ದೇಶದ್ದು. ಈ ಕಥೆ ಶುರುವಾಗಿದ್ದು 1990ರ ದಶಕದ ಆರಂಭದಲ್ಲಿ, ನಮ್ಮ ಕರ್ನಾಟಕದಲ್ಲೇ. ತಮಿಳುನಾಡು, ಆಂಧ್ರ, ತೆಲಂಗಾಣಕ್ಕೆ ಹಬ್ಬಿದ್ದು ಆಮೇಲೆ.

ಹಾಗಾದರೆ ಅಮೆರಿಕದವರಿಗೂ ಫ್ರಾನ್ಸಿನವರಿಗೂ ನಮ್ಮ ತುಮಕೂರು ಯಾಕೆ ಬೇಕಾಯಿತು? ಅವರಲ್ಲಿ ಭೂಮಿ ಇಲ್ಲವೇ? ಇದೆ. ನೀರಿಲ್ಲವೇ? ನಮಗಿಂತ ಜಾಸ್ತಿ ಇದೆ. ಫ್ರಾನ್ಸಿನ ಬರ್ಗಂಡಿ ಕಡೆ ಹಿಂದೆ ಇದನ್ನೇ ಬೆಳೆಯುತ್ತಿದ್ದರು. ಅವರಲ್ಲಿ ಇಲ್ಲದ್ದು ಎರಡು. ಒಂದು, ವರ್ಷಪೂರ್ತಿ ಬೆಚ್ಚಗಿನ ಹವೆ. ಅಲ್ಲಿ ಬೇಸಿಗೆಯಲ್ಲಿ ಒಂದೇ ಬೆಳೆ. ಇಲ್ಲಿ ವರ್ಷಕ್ಕೆ ಮೂರು ಬೆಳೆಯಾದರೂ ತೆಗೆಯಬಹುದು, ಫ್ಯಾಕ್ಟರಿ ಖಾಲಿ ಕೂರುವುದಿಲ್ಲ. ಎರಡನೆಯದು ಕೈ. ಕಾಯಿ ಬಿಡಿಸುವ ಕೈ.

ಜರ್ಮನಿಯಲ್ಲಿ ಇದನ್ನು ಹೇಗೆ ಬಿಡಿಸುತ್ತಾರೆ ಅಂತ ಗೊತ್ತಾದರೆ ವಿಷಯ ಅರ್ಧ ಅರ್ಥವಾಗುತ್ತದೆ. ಟ್ರ್ಯಾಕ್ಟರಿಗೆ ಎರಡೂ ಕಡೆ ವಿಮಾನದ ರೆಕ್ಕೆಯಂಥ ಉದ್ದನೆಯ ಹಲಗೆ ಕಟ್ಟಿರುತ್ತಾರೆ. ಆ ರೆಕ್ಕೆಯ ಮೇಲೆ ಸಾಲಾಗಿ ಜನ ಬೋರಲು ಮಲಗಿರುತ್ತಾರೆ, ಮುಖ ನೆಲದ ಕಡೆ. ಟ್ರ್ಯಾಕ್ಟರ್ ಆಮೆ ನಡಿಗೆಯಲ್ಲಿ ಹೋಗುತ್ತದೆ. ಕೆಳಗೆ ಬಳ್ಳಿ ಹಾದುಹೋಗುವಾಗ ಎರಡೂ ಕೈಯಲ್ಲಿ ಕಾಯಿ ಕೀಳಬೇಕು. ಬಿಸಿಲಲ್ಲಿ, ಗಂಟೆಗಟ್ಟಲೆ, ಮಲಗಿಯೇ. ಜರ್ಮನ್ನರು ಈ ಕೆಲಸಕ್ಕೆ ಬರುವುದು ಕಡಿಮೆ. ಪೋಲೆಂಡ್, ರೊಮೇನಿಯಾದಿಂದ ಸೀಸನ್‌ಗೆ ಜನರನ್ನು ಕರೆಸುತ್ತಾರೆ. ಅಷ್ಟು ಯಂತ್ರ ಇರುವ ದೇಶಕ್ಕೂ ಈ ಕಾಯಿ ಬಿಡಿಸುವುದಕ್ಕೆ ಮನುಷ್ಯರ ಬೆರಳು ಬಿಟ್ಟು ಬೇರೆ ಒಳ್ಳೆಯ ದಾರಿ ಸಿಕ್ಕಿಲ್ಲ. ಯಾಕೆಂದರೆ ಒಂದೇ ಬಳ್ಳಿಯಲ್ಲಿ ಇವತ್ತಿನ ಕಾಯಿ, ನಾಳೆಯ ಕಾಯಿ, ಇನ್ನೂ ಹೂ ಉದುರದ ಕಾಯಿ ಎಲ್ಲ ಒಟ್ಟಿಗೆ ಇರುತ್ತವೆ. ಇವತ್ತಿನದನ್ನು ಮಾತ್ರ ಕೀಳಬೇಕು, ಬಳ್ಳಿಗೆ ಪೆಟ್ಟಾಗಬಾರದು.

ಈಗ ನಮ್ಮ ಹೊಲಕ್ಕೆ ಬನ್ನಿ. ಬಿತ್ತಿದ ಸುಮಾರು ಮೂವತ್ತು ಮೂವತ್ತೈದು ದಿನಕ್ಕೆ ಕಾಯಿ ಶುರು. ಗೂಟ ನೆಟ್ಟು, ದಾರ ಕಟ್ಟಿ, ಬಳ್ಳಿ ಹಬ್ಬಿಸಿರುತ್ತಾರೆ. ಅಲ್ಲಿಂದ ಮುಂದೆ ಒಂದೂವರೆ ಎರಡು ತಿಂಗಳು ದಿನಾ ಬಿಡಿಸಬೇಕು. ದಿನಾ ಅಂದರೆ ದಿನಾ. ಕಾಯಿ ಜೋರಾಗಿರುವಾಗ ಬೆಳಗ್ಗೆ ಒಂದು ಸಲ, ಸಂಜೆ ಒಂದು ಸಲ. ಎಲೆಯ ಅಡಿ ಕೈ ಹಾಕಿ, ಸುಂಕು ಸುಂಕಾದ ಬಳ್ಳಿ ಸರಿಸಿ, ಕಾಯಿ ಹುಡುಕಬೇಕು. ಹಸಿರಲ್ಲಿ ಹಸಿರು, ಕಣ್ಣಿಗೆ ಬೀಳುವುದಿಲ್ಲ. ಒಂದು ಕಾಯಿ ಎಲೆ ಮರೆಯಲ್ಲಿ ಉಳಿಯಿತು ಅನ್ನಿ, ಮರುದಿನ ಬೆಳಗ್ಗೆ ಅದು ದಪ್ಪಗಾಗಿ ಬೇರೆ ಗ್ರೇಡಿಗೆ ಜಾರಿರುತ್ತದೆ. ಎರಡು ದಿನ ಉಳಿದರೆ ದನಕ್ಕೆ. ಮನೆಯಲ್ಲಿ ಮದುವೆಯಿರಲಿ, ತಿಥಿಯಿರಲಿ, ಗೌರಿ ಹಬ್ಬವಿರಲಿ, ಮಿಡಿ ಸೌತೆ ಹಾಕಿದ ಮನೆಯಲ್ಲಿ ಯಾರಾದರೂ ಒಬ್ಬರು ಹೊಲದಲ್ಲಿ ಇರಲೇಬೇಕು. ಹೆಚ್ಚಿನ ಸಲ ಆ ಒಬ್ಬರು ಹೆಂಗಸು.

ಗ್ರೇಡ್ ಅಂದೆನಲ್ಲ, ಇಲ್ಲೇ ಇರುವುದು ಅಸಲಿ ಕಥೆ. ಮಿಡಿ ಸೌತೆಯನ್ನು ಕೌಂಟ್ ಲೆಕ್ಕದಲ್ಲಿ ಕೊಳ್ಳುತ್ತಾರೆ. ಅಂದರೆ ಒಂದು ಕಿಲೋಗೆ ಎಷ್ಟು ಕಾಯಿ ತೂಗುತ್ತದೆ ಅಂತ. ಕಿಲೋಗೆ 160ಕ್ಕಿಂತ ಜಾಸ್ತಿ ಬಂದರೆ ಅದು ಮೇಲಿನ ದರ್ಜೆ. ಲೆಕ್ಕ ಹಾಕಿ, ಒಂದು ಕಾಯಿ ಆರೂಕಾಲು ಗ್ರಾಮಿಗಿಂತ ಹಗುರ. ಆಮೇಲೆ 100ರಿಂದ 160, 60ರಿಂದ 100, 30ರಿಂದ 60, ಹೀಗೆ ಇಳಿಯುತ್ತದೆ. ಕಾಯಿ ದೊಡ್ಡದಾದಷ್ಟೂ ಬೆಲೆ ಕಮ್ಮಿ. ನಮ್ಮ ಅಜ್ಜಂದಿರ ಕಾಲದಿಂದ ರೈತನ ಸಂತೋಷ ಏನು? ಕಾಯಿ ತುಂಬಿಕೊಳ್ಳಬೇಕು, ಕಾಳು ಗಟ್ಟಿಯಾಗಬೇಕು, ತೂಕ ಬರಬೇಕು. ಈ ಬೆಳೆಯಲ್ಲಿ ತೂಕ ಬಂದರೆ ನಷ್ಟ. ಗಿಡ ಚೆನ್ನಾಗಿ ಬೆಳೆಯಿತು ಅಂತ ಖುಷಿಪಡುವ ಹೊತ್ತಿಗೆ ದುಡ್ಡು ಹೋಗಿರುತ್ತದೆ. ಹೊಲದಲ್ಲಿ ಯಾವುದು ಬೆಳೆ, ಯಾವುದು ಕಸ ಅನ್ನುವುದನ್ನು ನಿರ್ಧರಿಸಿದ್ದು ಎಲ್ಲೋ ದೂರದ ಸೂಪರ್ ಮಾರ್ಕೆಟ್‌ನಲ್ಲಿರುವ ಒಂದು ಬಾಟಲಿಯ ಬಾಯಿ.

ನನಗೆ ಇದರಲ್ಲಿ ತುಂಬಾ ಆಸಕ್ತಿ ಹುಟ್ಟಿಸಿದ ಸಂಗತಿ ಇನ್ನೊಂದಿದೆ. ದೊಡ್ಡ ಕಂಪನಿ ಬಂದರೆ ಸಣ್ಣ ರೈತ ಮುಗಿದ, ಎಲ್ಲ ನೂರಾರು ಎಕರೆಯವರ ಪಾಲು ಅಂತ ನಾವು ಅಂದುಕೊಂಡಿರುತ್ತೇವೆ. ಇಲ್ಲಿ ಆಗಿದ್ದು ಉಲ್ಟಾ. ಅಪೆಡಾ ಲೆಕ್ಕದಲ್ಲೇ ಸುಮಾರು 90,000 ಸಣ್ಣ ಮತ್ತು ಅತಿ ಸಣ್ಣ ರೈತರು, ವರ್ಷಕ್ಕೆ 65,000 ಎಕರೆ. ಭಾಗಿಸಿ ನೋಡಿ, ಒಬ್ಬರಿಗೆ ಒಂದು ಎಕರೆಯೂ ಬರುವುದಿಲ್ಲ. ಕಂಪನಿಗಳು ಅರ್ಧ ಎಕರೆ, ಮುಕ್ಕಾಲು ಎಕರೆಯವರನ್ನೇ ಹುಡುಕಿಕೊಂಡು ಹೋಗುತ್ತವೆ. ದಯೆಯಿಂದ ಅಲ್ಲ. ಹತ್ತು ಎಕರೆ ಮಿಡಿ ಸೌತೆ ಹಾಕಿದ ದೊಡ್ಡ ಜಮೀನ್ದಾರ ದಿನಕ್ಕೆರಡು ಸಲ ಬಿಡಿಸಲು ಅಷ್ಟು ಕೂಲಿಯಾಳು ಎಲ್ಲಿಂದ ತರುತ್ತಾನೆ? ತಂದರೂ ಕೂಲಿಯವರು ಎಲೆ ಎಲೆ ಎತ್ತಿ ನೋಡುತ್ತಾರಾ? ಸ್ವಂತ ಬೆಳೆ ಅಂತ ಗಂಡ, ಹೆಂಡತಿ, ಅತ್ತೆ, ಶಾಲೆಯಿಂದ ಬಂದ ಮಗಳು ಎಲ್ಲ ಇಳಿದರೆ ಮಾತ್ರ ಆಗುವ ಕೆಲಸ ಇದು. ಜಗತ್ತಿನ ಮಾರುಕಟ್ಟೆ ನಮ್ಮ ಹಳ್ಳಿಯಲ್ಲಿ ಹುಡುಕಿಕೊಂಡು ಬಂದಿದ್ದು ಮನೆಮಂದಿಯ ದುಡಿಮೆಯನ್ನು. ಅದಕ್ಕೆ ಯಾವ ರಸೀದಿಯಲ್ಲೂ ಕೂಲಿ ಬರೆಯುವುದಿಲ್ಲ.

ದುಡ್ಡಿನ ಲೆಕ್ಕ ನೋಡೋಣ. ಸರ್ಕಾರಿ ಲೆಕ್ಕದ ಪ್ರಕಾರ 90 ದಿನದ ಬೆಳೆಗೆ ಎಕರೆಗೆ ಸರಾಸರಿ 4 ಟನ್, ಸುಮಾರು 80,000 ರೂಪಾಯಿ, ಖರ್ಚು ಕಳೆದು 40,000 ಉಳಿತಾಯ. ಅಂದರೆ ಕಿಲೋಗೆ ರೈತನಿಗೆ ಸರಾಸರಿ 20 ರೂಪಾಯಿ. ರಫ್ತಿನ ಅಂಕಿಯನ್ನೂ ಹಾಗೇ ಭಾಗಿಸಿದರೆ ಕಿಲೋಗೆ ಹತ್ತಿರ ಹತ್ತಿರ ಒಂದು ಡಾಲರ್, ಆಗಿನ ದರದಲ್ಲಿ ಎಪ್ಪತ್ತು ರೂಪಾಯಿ ಮೇಲೆ. ತಕ್ಷಣ "ಐವತ್ತು ರೂಪಾಯಿ ನುಂಗಿದರು" ಅಂತ ಕೂಗಬೇಡಿ. ನಡುವೆ ಉಪ್ಪು, ವಿನೆಗರ್, ಡ್ರಮ್ಮು, ಲಾರಿ, ಫ್ಯಾಕ್ಟರಿ ಕೂಲಿ, ಕರೆಂಟು ಎಲ್ಲ ಇದೆ. ಫ್ಯಾಕ್ಟರಿಯಲ್ಲಿ ದುಡಿಯುವವರೂ ನಮ್ಮವರೇ. ಆದರೆ ಗಮನಿಸಿ, ನಮ್ಮ ಕಾಯಿಯಲ್ಲಿ ದೊಡ್ಡ ಪಾಲು ಇಲ್ಲಿಂದ ಹೋಗುವುದು ಡ್ರಮ್ಮುಗಳಲ್ಲಿ, ಉಪ್ಪುನೀರಲ್ಲೋ ವಿನೆಗರಿನಲ್ಲೋ ಮುಳುಗಿಕೊಂಡು. ಅಲ್ಲಿ ತೊಳೆದು, ಮಸಾಲೆ ಹಾಕಿ, ಬಾಟಲಿಗೆ ತುಂಬಿ, ತಮ್ಮ ಚೀಟಿ ಅಂಟಿಸುತ್ತಾರೆ. ಅಂಗಡಿಯ ಬೆಲೆ ಹುಟ್ಟುವುದು ಆ ಚೀಟಿ ಅಂಟಿಸಿದ ಮೇಲೆ. ಈಗೀಗ ಇಲ್ಲೇ ಬಾಟಲಿ ತುಂಬಿ ಕಳಿಸುವ ಫ್ಯಾಕ್ಟರಿಗಳೂ ಇವೆ, ಅದು ಒಳ್ಳೆಯದೇ. ಚೀಟಿಯ ಮೇಲಿನ ಹೆಸರು ಮಾತ್ರ ಇನ್ನೂ ಹೆಚ್ಚಾಗಿ ಅವರದ್ದೇ.

ಇಷ್ಟು ಹೇಳಿ ನಾನು "ಜಾಗತೀಕರಣ ವಿಷ" ಅನ್ನುವ ಗುಂಪಿಗೆ ಸೇರಿದವನು ಅಂತ ಅಂದುಕೊಂಡರೆ, ಇಲ್ಲ. ಬೋರ್‌ವೆಲ್‌ನಲ್ಲಿ ಒಂದಿಂಚು ನೀರು, ಮುಕ್ಕಾಲು ಎಕರೆ ಜಮೀನು ಇರುವ ಮನೆಗೆ ಮೂರು ತಿಂಗಳಲ್ಲಿ ಮೂವತ್ತು ಸಾವಿರ ಅಂದರೆ ಸುಮ್ನೆ ಅಲ್ಲ. ಕಂಪನಿ ಮೊದಲೇ ಕರಾರು ಮಾಡಿಕೊಂಡು ಬೀಜ ತಾನೇ ಕೊಡುತ್ತದೆ, ಗೊಬ್ಬರ ಔಷಧಿ ಸಾಲದಲ್ಲಿ ಸಿಗುತ್ತದೆ, ಆಮೇಲೆ ಬಿಲ್ಲಿನಲ್ಲಿ ಮುರಿದುಕೊಳ್ಳುತ್ತಾರೆ. ಬೂಜು ತುಪ್ಪಟ ರೋಗ ಬಂದರೆ ಕಂಪನಿಯ ಫೀಲ್ಡ್‌ಮನ್ ಬೈಕಲ್ಲಿ ಬಂದು ನೋಡುತ್ತಾನೆ. ಎಲ್ಲಕ್ಕಿಂತ ಹೆಚ್ಚಾಗಿ, ಬಿತ್ತುವ ಮೊದಲೇ ದರ ಗೊತ್ತಿರುತ್ತದೆ. ಟೊಮೆಟೊ ಬೆಳೆದು ರಸ್ತೆಗೆ ಸುರಿದ ರೈತನನ್ನು ಕೇಳಿ ನೋಡಿ, ಮೊದಲೇ ದರ ಗೊತ್ತಿರುವುದು ಎಂಥ ನೆಮ್ಮದಿ ಅಂತ ಹೇಳುತ್ತಾನೆ.

ನನ್ನ ತಕರಾರು ಅಲ್ಲೇ ಶುರು. ದರ ಗಟ್ಟಿ ಇದೆ ಸರಿ. ಆದರೆ ಜಗತ್ತು ಗಟ್ಟಿಯಾಗಿ ನಿಂತಿದೆಯಾ? 2021ರಲ್ಲಿ ಕಂಟೇನರೇ ಸಿಗದೆ ರಫ್ತಿನವರು ಒದ್ದಾಡಿದರು. 2022ರಲ್ಲಿ ಉಕ್ರೇನ್ ಯುದ್ಧ ಬಂತು, ರಷ್ಯಾ ನಮ್ಮ ಮಿಡಿ ಸೌತೆ ಕೊಳ್ಳುವ ದೇಶಗಳಲ್ಲಿ ಒಂದು. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಯೆಮನ್‌ನ ಹೂತಿ ಬಂಡುಕೋರರು ಹಡಗಿಗೆ ಹೊಡೆಯಲು ಶುರು ಮಾಡಿದ ಮೇಲೆ ಯುರೋಪಿಗೆ ಹೋಗುವ ಹಡಗುಗಳು ಸೂಯೆಜ್ ಬಿಟ್ಟು ಆಫ್ರಿಕಾ ಸುತ್ತಿ ಹೋಗಬೇಕಾಯಿತು. ದಿನವೂ ಹೆಚ್ಚು, ಬಾಡಿಗೆಯೂ ಹೆಚ್ಚು. 2025ರ ಆಗಸ್ಟ್‌ನಲ್ಲಿ ಅಮೆರಿಕ ನಮ್ಮ ಸರಕಿನ ಮೇಲೆ 50% ಸುಂಕ ಹಾಕಿತು. ಇಷ್ಟೆಲ್ಲ ಆದಾಗ ಆ ಪೆಟ್ಟು ಎಲ್ಲೋ ಒಂದು ಕಡೆ ಇಳಿಯಲೇಬೇಕಲ್ಲ? ಕಾಗದದ ಮೇಲಿನ ದರದಲ್ಲಿ ಅದು ಕಾಣಿಸುವುದಿಲ್ಲ. ಕಾಗದದ ಮೇಲೆ ದರ ಹಾಗೇ ಇರುತ್ತದೆ. ಪೆಟ್ಟು ಬೇರೆ ಎರಡು ಬಾಗಿಲಿಂದ ಒಳಗೆ ಬರುತ್ತದೆ. ಒಂದು, "ಈ ಸಲ ಬೀಜ ಕಮ್ಮಿ ಬಂದಿದೆ, ನಿಮ್ಮೂರಿಗೆ ಇಷ್ಟೇ ಎಕರೆ" ಅನ್ನುವ ಮಾತಿನಲ್ಲಿ. ಇನ್ನೊಂದು, ಗ್ರೇಡಿಂಗಿನಲ್ಲಿ. ಬೇಡಿಕೆ ಜೋರಾಗಿರುವಾಗ ಒಂದಿಷ್ಟು ಸೊಟ್ಟ ಕಾಯಿ, ಒಂದಿಷ್ಟು ದಪ್ಪ ಕಾಯಿ ಹಾಗೇ ಸಾಗಿಹೋಗುತ್ತದೆ. ಬೇಡಿಕೆ ಬಿದ್ದಾಗ ಅದೇ ಹೊಲದ ಅದೇ ಕಾಯಿ "ರಿಜೆಕ್ಟ್". ಹೀಗೆ ಕಂಪನಿ ಕರಾರು ಮಾಡಿಕೊಂಡು ಬೆಳೆಸುವ ಒಪ್ಪಂದ ಕೃಷಿ ಎಲ್ಲಿ ನಡೆದರೂ, ಯಾವ ದೇಶದಲ್ಲಾದರೂ, ರೈತರ ದೂರುಗಳಲ್ಲಿ ಮೊದಲ ಸಾಲಿನಲ್ಲಿ ಬರುವುದು ಇದೇ.

ಈಗ ಗ್ರೇಡಿಂಗ್ ಎಲ್ಲಿ ಆಗುತ್ತದೆ ಅನ್ನುವುದನ್ನು ನೋಡಿ. ಸಂಜೆ ಚೀಲ ಹೊತ್ತು ಊರಿನ ಕಲೆಕ್ಷನ್ ಸೆಂಟರಿಗೆ ತರುತ್ತಾರೆ. ಎಷ್ಟೋ ಕಡೆ ಅದು ಒಂದು ತಗಡಿನ ಶೆಡ್ಡು, ಒಂದು ತಕ್ಕಡಿ, ಕಂಪನಿಯ ಏಜೆಂಟ್. ಅಲ್ಲಿ ಆಗುವುದು ಒಟ್ಟು ತೂಕ ಮತ್ತು ಕಣ್ಣಂದಾಜಿನ ಒಂದು ವಿಂಗಡಣೆ. ರಾತ್ರಿಯೇ ವಾಹನ ಫ್ಯಾಕ್ಟರಿಗೆ ಹೋಗುತ್ತದೆ. ಅಲ್ಲಿ ಯಂತ್ರದ ಮೇಲೆ ಕಾಯಿ ಉರುಳಿ, ಗಾತ್ರದ ಪ್ರಕಾರ ಬೇರೆ ಬೇರೆ ಕ್ರೇಟಿಗೆ ಬೀಳುತ್ತದೆ. ಆ ಹೊತ್ತಿಗೆ ರೈತ ಮಲಗಿರುತ್ತಾನೆ, ಬೆಳಗ್ಗೆ ಮತ್ತೆ ಬಿಡಿಸಬೇಕಲ್ಲ. ಎಷ್ಟು ಕಿಲೋ ಮೇಲಿನ ದರ್ಜೆ, ಎಷ್ಟು ಕೆಳಗಿನದು, ಎಷ್ಟು ತಿರಸ್ಕೃತ ಅನ್ನುವುದು ಅವನಿಗೆ ತಿಳಿಯುವುದು ಆಮೇಲೆ, ಚೀಟಿಯಲ್ಲೋ ಏಜೆಂಟನ ಬಾಯಲ್ಲೋ. ಮರುದಿನ ಹೋಗಿ ಜಗಳವಾಡೋಣ ಅಂದರೆ ಕಾಯಿ ಆಗಲೇ ಡ್ರಮ್ಮಿನಲ್ಲಿ. ಮುಚ್ಚಳ ತೆಗೆದು ನನ್ನದು ಯಾವುದು ಅಂತ ತೋರಿಸಲು ಆಗುತ್ತದಾ? ಎಲ್ಲ ಕಡೆ ಹೀಗೇ ಮೋಸ ನಡೆಯುತ್ತದೆ ಅಂತ ನಾನು ಹೇಳುತ್ತಿಲ್ಲ. ನೆಟ್ಟಗೆ ನಡೆಸುವ ಕಂಪನಿಗಳೂ ಇವೆ. ನನ್ನ ಮಾತು ಇಷ್ಟೇ. ಮೋಸ ಆಗಿದೆಯೋ ಇಲ್ಲವೋ ಅಂತ ತಿಳಿಯುವ ದಾರಿಯೇ ರೈತನಿಗಿಲ್ಲ. ದರದ ಬಗ್ಗೆ ನಾವು ಮೂವತ್ತು ವರ್ಷದಿಂದ ಮಾತಾಡುತ್ತಿದ್ದೇವೆ. ಅಳೆಯುವವರು ಯಾರು ಅನ್ನುವುದನ್ನು ಕೇಳಲೇ ಇಲ್ಲ.

ಬ್ಯಾಡಗಿ ಮೆಣಸಿನಕಾಯಿ ನೋಡಿ. ಅದೂ ಜಾಗತಿಕ ಸರಕೇ. ಅದರ ಕೆಂಪು ಬಣ್ಣ ತೆಗೆದು ತಿಂಡಿಗೂ ಸೌಂದರ್ಯ ಸಾಮಗ್ರಿಗೂ ಬಳಸುತ್ತಾರೆ. 2024ರ ಮಾರ್ಚ್‌ನಲ್ಲಿ ದರ ಕುಸಿದಾಗ ಬ್ಯಾಡಗಿ ಮಾರುಕಟ್ಟೆಯಲ್ಲಿ ರೈತರು ಸಿಟ್ಟಿಗೆದ್ದು ಎಪಿಎಂಸಿ ಕಚೇರಿಗೆ ನುಗ್ಗಿದರು, ವಾಹನಗಳಿಗೆ ಬೆಂಕಿ ಬಿತ್ತು. ಬೆಂಕಿ ಹಚ್ಚಿದ್ದು ಸರಿ ಅಂತ ನಾನು ಹೇಳುವುದಿಲ್ಲ. ಆದರೆ ಒಂದು ವಿಷಯ ಇದೆ. ಅಲ್ಲಿ ದರ ಕುಸಿದದ್ದು ಎಲ್ಲರ ಕಣ್ಣೆದುರು, ಬೋರ್ಡಿನ ಮೇಲೆ. ನಿನ್ನೆ ಎಷ್ಟಿತ್ತು, ಇವತ್ತು ಎಷ್ಟು ಅಂತ ಸಾವಿರಾರು ಜನಕ್ಕೆ ಒಟ್ಟಿಗೆ ಗೊತ್ತಾಯಿತು. ಚೀಲ ವಾಪಸ್ ಒಯ್ದು ಕೋಲ್ಡ್ ಸ್ಟೋರೇಜಿನಲ್ಲಿ ಇಡುವ ದಾರಿಯಾದರೂ ಇತ್ತು. ಮಿಡಿ ಸೌತೆಯ ರೈತನ ನಷ್ಟ ಬರುವುದು ಒಬ್ಬೊಬ್ಬರ ಚೀಟಿಯಲ್ಲಿ, ಬೇರೆ ಬೇರೆಯಾಗಿ. ಪಕ್ಕದ ಹೊಲದವನಿಗೂ ಗೊತ್ತಾಗುವುದಿಲ್ಲ. ಕಾಯಿಯನ್ನು ಮನೆಗೆ ಒಯ್ದು ಇಟ್ಟುಕೊಳ್ಳುವುದಂತೂ ದೂರದ ಮಾತು.

ಕಾನೂನು ಇದೆಯಲ್ಲ ಅನ್ನುತ್ತೀರಾ? 2020ರಲ್ಲಿ ಕೇಂದ್ರ ತಂದ ಮೂರು ಕೃಷಿ ಕಾಯ್ದೆಗಳಲ್ಲಿ ಒಂದು ಈ ಒಪ್ಪಂದ ಕೃಷಿಯದ್ದೇ. ಜಗಳವೆಲ್ಲ ಮಂಡಿಯ ಸುತ್ತ, ಎಂಎಸ್‌ಪಿ ಸುತ್ತ ನಡೆಯಿತು, ಈ ಕಾಯ್ದೆಯನ್ನು ಪೂರ್ತಿ ಓದಿದವರು ಕಡಿಮೆ. ಅದರಲ್ಲಿ ಗುಣಮಟ್ಟವನ್ನು ಮೂರನೆಯವರಿಂದ ಪರೀಕ್ಷೆ ಮಾಡಿಸಬಹುದು ಅಂತ ಒಂದು ಮಾತು ಇತ್ತು. ಮಾಡಿಸಬಹುದು, ಮಾಡಿಸಲೇಬೇಕು ಅಂತ ಅಲ್ಲ. ವ್ಯಾಜ್ಯ ಬಂದರೆ ಸಿವಿಲ್ ಕೋರ್ಟಿಗೆ ಹೋಗುವ ಹಾಗಿರಲಿಲ್ಲ, ಉಪವಿಭಾಗಾಧಿಕಾರಿಯ ಹತ್ತಿರ ಹೋಗಬೇಕಿತ್ತು. 2021ರಲ್ಲಿ ಮೂರೂ ಕಾಯ್ದೆ ವಾಪಸ್ ಹೋದವು. ಅದರ ಜೊತೆ ಈ ಚರ್ಚೆಯೂ ಹೋಯಿತು. ಅದೊಂದು ನಷ್ಟ ಅಂತಲೇ ನನ್ನ ಲೆಕ್ಕ.

ನಮ್ಮಲ್ಲೇ ಇದಕ್ಕೆ ಒಂದು ಉತ್ತರ ಇದೆ, ಬೇರೆ ದೇಶ ನೋಡಬೇಕಾಗಿಲ್ಲ. ಹಾಲಿನ ಡೇರಿ. ಊರಿನ ಸಹಕಾರ ಸಂಘಕ್ಕೆ ಬೆಳಗ್ಗೆ ಕ್ಯಾನ್ ಹಿಡಿದು ಹೋಗುತ್ತೀರಿ. ನಿಮ್ಮ ಎದುರೇ ಸ್ಯಾಂಪಲ್ ತೆಗೆಯುತ್ತಾರೆ, ಯಂತ್ರ ಫ್ಯಾಟ್ ಎಷ್ಟು ಅಂತ ತೋರಿಸುತ್ತದೆ, ಚೀಟಿ ಕೈಗೆ ಬರುತ್ತದೆ. ಕಮ್ಮಿ ಬಂದರೆ ಅಲ್ಲೇ ನಿಂತು ಕೇಳುತ್ತೀರಿ, ಹಿಂದೆ ಸಾಲಲ್ಲಿ ನಿಂತವರೂ ನೋಡುತ್ತಿರುತ್ತಾರೆ. ಡೇರಿಯಲ್ಲಿ ರಾಜಕೀಯ ಇಲ್ಲವೇ? ಇದೆ, ಬೇಕಾದಷ್ಟಿದೆ. ಕಾರ್ಯದರ್ಶಿ ಆಟ ಆಡುವುದಿಲ್ಲವೇ? ಆಡುತ್ತಾನೆ. ಆದರೂ ಅಳತೆ ನಡೆಯುವುದು ಊರಲ್ಲಿ, ಹಗಲಲ್ಲಿ, ಕೊಡುವವನ ಕಣ್ಣೆದುರಲ್ಲಿ. ತಮಾಷೆ ನೋಡಿ, 1970ರ ದಶಕದಲ್ಲಿ ಕರ್ನಾಟಕದ ಈ ಹಾಲಿನ ವ್ಯವಸ್ಥೆ ಕಟ್ಟುವಾಗ ದುಡ್ಡು ಕೊಟ್ಟಿದ್ದು ವಿಶ್ವ ಬ್ಯಾಂಕ್. ಹೊರಗಿನ ದುಡ್ಡು ಬಂದರೆ ಊರಿನ ಹಿಡಿತ ತಪ್ಪಲೇಬೇಕು ಅಂತೇನಿಲ್ಲ.

ಮಿಡಿ ಸೌತೆಗೂ ಇದನ್ನೇ ಕೇಳಬೇಕು ಅನ್ನುವುದು ನನ್ನ ವಾದ. ಗ್ರೇಡಿಂಗ್ ಊರಿನ ಸೆಂಟರಿನಲ್ಲೇ ಆಗಲಿ, ರೈತನ ಎದುರು ಆಗಲಿ, ಗ್ರೇಡುವಾರು ತೂಕದ ಚೀಟಿ ಅಲ್ಲೇ ಕೈಗೆ ಬರಲಿ. ಕರಾರು ಕನ್ನಡದಲ್ಲಿರಲಿ, ಒಂದು ಪ್ರತಿ ರೈತನ ಮನೆಯಲ್ಲಿರಲಿ. ಚೀಟಿಯ ಮೇಲೆ ಹೆಸರು ಜಮೀನು ಇರುವ ಗಂಡಸಿನದ್ದು ಮಾತ್ರ ಯಾಕೆ, ಬಿಡಿಸಿದ ಹೆಂಗಸಿನದ್ದೂ ಇರಲಿ. ಸರ್ಕಾರ 2001ರ ನಂತರ ಕೃಷಿ ರಫ್ತು ವಲಯ ಅಂತ ಮಾಡಿದಾಗ ಕರ್ನಾಟಕದ ಮಿಡಿ ಸೌತೆಯನ್ನೂ ಅದರಲ್ಲಿ ಸೇರಿಸಿತ್ತು. ರಫ್ತಿನವರಿಗೆ ಅನುಕೂಲ ಮಾಡಿಕೊಡಲು ಇಷ್ಟು ಉತ್ಸಾಹ ತೋರಿಸಿದ ಸರ್ಕಾರಕ್ಕೆ, ಊರಿಗೊಂದು ಜರಡಿ, ಒಂದು ಎಲೆಕ್ಟ್ರಾನಿಕ್ ತಕ್ಕಡಿ ಕಡ್ಡಾಯ ಮಾಡುವುದು ದೊಡ್ಡ ಕೆಲಸ ಅಲ್ಲ.

ಕಂಪನಿಯವರು ಇದಕ್ಕೆ ಒಂದು ಉತ್ತರ ಇಟ್ಟುಕೊಂಡಿರುತ್ತಾರೆ. ಊರಲ್ಲಿ ಗ್ರೇಡಿಂಗ್ ಮಾಡುತ್ತಾ ಕೂತರೆ ವಾಹನ ತಡವಾಗುತ್ತದೆ, ಕಾಯಿ ಬಾಡುತ್ತದೆ, ಗುಣಮಟ್ಟ ಹೋಗುತ್ತದೆ, ಹೊರದೇಶದವರು ವಾಪಸ್ ಕಳಿಸುತ್ತಾರೆ ಅಂತ. ಅದರಲ್ಲಿ ಸ್ವಲ್ಪ ನಿಜವೂ ಇದೆ, ಈ ಕಾಯಿ ಬೇಗ ಬಾಡುವಂಥದ್ದೇ. ಆದರೆ ಹಾಲು ಅದಕ್ಕಿಂತ ಬೇಗ ಕೆಡುತ್ತದೆ. ರಾಜ್ಯದ ಸಾವಿರಾರು ಹಳ್ಳಿಯಲ್ಲಿ ದಿನಾ ಎರಡು ಹೊತ್ತು ಅಳೆದು, ಬರೆದು, ಲಾರಿ ಹತ್ತಿಸುತ್ತಿದ್ದಾರೆ. ಹಡಗಲಿ, ಕುಣಿಗಲ್, ಹಾಸನ ಕಡೆ ಮಿಡಿ ಸೌತೆ ಹಾಕುವವರು ಇದನ್ನು ಕೇಳುತ್ತಿದ್ದರೆ, ನಿಮ್ಮ ಸೆಂಟರಿನಲ್ಲಿ ಗ್ರೇಡ್ ಮಾಡುವುದು ಯಾರು, ಎಷ್ಟು ಹೊತ್ತಿಗೆ, ಆಗ ನೀವು ಅಲ್ಲಿರುತ್ತೀರಾ ಅಂತ ನನಗೆ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಒಂದು ಕರಾರು ಪತ್ರವನ್ನೇ ಇಟ್ಟುಕೊಂಡು ಸಾಲು ಸಾಲಾಗಿ ಓದೋಣ.